ಪೋಕರ್ ಅಂಗಡಿಯ ಬೋಲ್ಟು

ಕಲ್ಲುಗುಂಡಿಯ ತೀರ್ಥರಾಮಣ್ಣನ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಷಿನಿನ ಮೋಟರು ಬೋಲ್ಟು ಬಿಚ್ಚಿಕೊಂಡು ಕೂತ ಜಾಗ ಬಿಟ್ಟು ಹೊರಟಿತಂತೆ. ಬೆಲ್ಟು ಕಳಚಿತು, ತಗಡಿನ ತಟ್ಟೆ ಮಗುಚಿತು, ಸುಲಿದ ಅಡಿಕೆಯೂ ಸುಲಿಯದ ಅಡಿಕೆಯೂ ಒಂದಾಗಿ ಅಂಗಳದ ತುಂಬ ಓಡಿದವು. ದೇವರ ದಯೆ, ಅಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಪೆಟ್ಟು ಬಿದ್ದದ್ದು ಅಲ್ಲಿಂದ ಎಷ್ಟೋ ದೂರ, ಕಡಬ ಪೇಟೆಯಲ್ಲಿರುವ ನಮ್ಮ ಅಂಗಡಿಗೆ.

ನಮ್ಮದು ನಟ್ಟು ಬೋಲ್ಟಿನ ಅಂಗಡಿ. ಉಪ್ಪ, ಎಂದರೆ ನನ್ನ ತಂದೆ ಪೋಕರ್, ಅದನ್ನು ಇಟ್ಟವರು. ನಾನು ಮುಹ್ಸಿನಾ, ಕ್ಯಾಶಿನಲ್ಲಿ ಕೂರುವವಳು. ಉಪ್ಪನಿಗೆ ಸಿಟ್ಟೇ ಬರುವುದಿಲ್ಲ. ಹಾಗಾಗಿ ಮನೆಯ ಪಾಲಿಗೆ ಬಂದ ಸಿಟ್ಟನ್ನೆಲ್ಲ ನಾನೊಬ್ಬಳೇ ಖರ್ಚು ಮಾಡಬೇಕಾಗಿದೆ.

ಮೆಷಿನ್ ಮಾಡಿದವರು ಕೊಯಿಲದ ಚೆನ್ನಪ್ಪಣ್ಣ, ಉಪ್ಪನ ಜೀವದ ಗೆಳೆಯ. ಮನೆಯ ಪಕ್ಕದ ಶೆಡ್ಡಿನಲ್ಲಿ ಕೆಲಸ. ವೆಲ್ಡಿಂಗು ಅವರದ್ದು, ಬೋಲ್ಟು ನಮ್ಮದು, ಬಣ್ಣ ಅವರ ಹೆಂಡತಿ ಮೋಹಿನಿಯಕ್ಕನದ್ದು. ಮೋಹಿನಿಯಕ್ಕ ಬಣ್ಣ ಬಳಿಯುವುದೆಂದರೆ ಸುಮ್ಮನೆ ಬಳಿಯುವುದಲ್ಲ. ಕಬ್ಬಿಣದ ಗುಂಡಿ ಗುಳಿಗಳಿಗೆ ಮೊದಲು ಪುಟ್ಟಿ ಮೆತ್ತಿ, ಉಜ್ಜಿ, ಅದರ ಮೇಲೆ ಒಂದಲ್ಲ ಎರಡಲ್ಲ, ಅವರಿಗೆ ಸಮಾಧಾನ ಆಗುವಷ್ಟು ಸಲ ಬಳಿಯುತ್ತಾರೆ. ಅವರ ಕೈಯಿಂದ ಹೊರಟ ಮೆಷಿನ್ ಶೋರೂಮಿನ ಸ್ಕೂಟರಿನಂತೆ ಹೊಳೆಯುತ್ತದೆ. ಬೆಟ್ಟಂಪಾಡಿಯಲ್ಲಿ ಒಬ್ಬರು ಅಡಿಕೆ ತೋಟ ಮಾರಿದ ಮೇಲೂ ಮೆಷಿನನ್ನು ಮಾರದೆ ಜಗಲಿಯಲ್ಲಿ ಇಟ್ಟುಕೊಂಡಿದ್ದಾರೆ, ನೋಡಲಿಕ್ಕೆ ಚಂದ ಎಂದು.

ಕಲ್ಲುಗುಂಡಿಗೆ ಹೋಗಿ ನೋಡಿ ಬಂದ ಚೆನ್ನಪ್ಪಣ್ಣ ನಮ್ಮ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿದರು. ಇಳಿಯಲಿಲ್ಲ. ಎಂಜಿನ್ ಬಂದ್ ಮಾಡಲೂ ಇಲ್ಲ.

"ಪೋಕರ್, ನಿನ್ನ ಬೋಲ್ಟು ಸರಿ ಇಲ್ಲ" ಎಂದರು.

"ಎಂತ ಆಯ್ತು ಮಾರಾಯ? ಒಳಗೆ ಬಾ, ಚಾ ಕುಡಿಯುವ" ಎಂದರು ಉಪ್ಪ.

"ಚಾ ಬೇಡ" ಎಂದು ಹೇಳಿ ಹೋಗಿಯೇಬಿಟ್ಟರು. ಸಂಜೆ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಅವರ ಧ್ವನಿ ಬಂತು: "ಮೆಷಿನಿನ ತಪ್ಪಲ್ಲ, ಬೋಲ್ಟು ಡುಪ್ಲಿಕೇಟು. ಕಡಬದಿಂದ ತಂದದ್ದು." ಹೆಸರು ಹೇಳಲಿಲ್ಲ. ಕಡಬದಲ್ಲಿ ಅವರು ಬೋಲ್ಟು ತರುವುದು ಯಾರ ಅಂಗಡಿಯಿಂದ ಎಂದು ಕಡಬದ ದನಗಳಿಗೂ ಗೊತ್ತು.

ಮರುದಿನದಿಂದ ಗಿರಾಕಿಗಳು ಬೋಲ್ಟನ್ನು ಬೆರಳಲ್ಲಿ ಹಿಡಿದು, "ಇದು ಒರಿಜಿನಲ್ ಅಲ್ವಾ?" ಎಂದು ಕೇಳತೊಡಗಿದರು. ನಾನು ಒಬ್ಬೊಬ್ಬರಿಗೂ ತಕ್ಕ ಉತ್ತರ ಕೊಟ್ಟೆ. ಉಪ್ಪ ಮಾತ್ರ ಡಬ್ಬಿಯಿಂದ ಬೋಲ್ಟು ತೆಗೆದು ಬೆಳಕಿಗೆ ಹಿಡಿದು ನೋಡುವುದು, ಪುನಃ ಡಬ್ಬಿಗೆ ಹಾಕುವುದು. ಊಟ ಅರ್ಧ ಬಿಡುವುದು. ನನ್ನ ಮದುವೆಯ ಚಪ್ಪರದ ಕಬ್ಬಿಣವನ್ನು ಬಿಸಿಲಲ್ಲಿ ನಿಂತು ಜೋಡಿಸಿದವರು ಇದೇ ಚೆನ್ನಪ್ಪಣ್ಣ. ಬೇರೆ ಯಾರಾದರೂ ಡುಪ್ಲಿಕೇಟು ಎಂದಿದ್ದರೆ ಉಪ್ಪ ನಕ್ಕುಬಿಡುತ್ತಿದ್ದರು. ಗೆಳೆಯ ಹೇಳಿದ್ದರಿಂದ ತಮ್ಮ ಬೋಲ್ಟಿನ ಮೇಲೆ ಅವರಿಗೇ ಸಂಶಯ ಬಂದುಬಿಟ್ಟಿತ್ತು.

ಮೂರನೆಯ ವಾರ ತಡೆಯಲಾಗದೆ ಕೊಯಿಲಕ್ಕೆ ಹೋದೆ.

"ಚೆನ್ನಪ್ಪಣ್ಣ, ಬಾಯಿಗೆ ಬಂದದ್ದು ಹೇಳುದು ಸುಲಭ. ಪರೀಕ್ಷೆ ಮಾಡಿ ತೋರಿಸಿ. ನಮ್ಮ ಬೋಲ್ಟು ಸಡಿಲ ಆದ್ರೆ ಅಂಗಡಿಯ ಬಾಗಿಲು ಹಾಕ್ತೇನೆ."

"ಎಂತ ಪರೀಕ್ಷೆ?"

ನಾನು ಮೊಬೈಲಿನಲ್ಲಿ ನೋಡಿ ಕಲಿತಿದ್ದನ್ನು ಹೇಳಿದೆ. ಬೋಲ್ಟನ್ನು ಮೇಲೆ ಕೆಳಗೆ ಎಳೆದರೆ ಅದು ಅಷ್ಟು ಬೇಗ ಸೋಲುವುದಿಲ್ಲ. ಬಿಗಿದ ಎರಡು ಕಬ್ಬಿಣದ ಪಟ್ಟಿಗಳು ಒಂದರ ಮೇಲೊಂದು ಅಡ್ಡಡ್ಡ ಜಾರತೊಡಗಿದರೆ ಮಾತ್ರ ನಟ್ಟು ತನ್ನಷ್ಟಕ್ಕೆ ತಿರುಗಿ ಬಿಚ್ಚಿಕೊಳ್ಳುತ್ತದೆ. ದೊಡ್ಡ ಕಂಪೆನಿಗಳಲ್ಲಿ ಹಾಗೆಯೇ ಅಲುಗಾಡಿಸಿ ನೋಡುತ್ತಾರೆ. ನಮ್ಮ ಬೋಲ್ಟು ಎರಡು, ಮಂಗಳೂರಿನಿಂದ ತರಿಸಿದ ದುಬಾರಿ ಕಂಪೆನಿಯ ಬೋಲ್ಟು ಎರಡು, ಒಂದೇ ಪಟ್ಟಿಗೆ ಬಿಗಿಯುವ. ಯಾವುದು ಮೊದಲು ಸಡಿಲಾಗುತ್ತದೋ ನೋಡುವ.

ಚೆನ್ನಪ್ಪಣ್ಣ ಒಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆ. ಒಪ್ಪಿದ್ದಷ್ಟೇ ಅಲ್ಲ, ನಾನು ಹೇಳಿ ಮುಗಿಸುವ ಮೊದಲೇ ಗುಜರಿಯ ರಾಶಿಯಿಂದ ಹಳೆಯ ಮೋಟರು ಎಳೆದು ತಂದರು. ಇವರಿಗೆ ಯಾಕೆ ಇಷ್ಟು ಉಮೇದು ಎಂದು ಆಗ ನನಗೆ ಅರ್ಥವಾಗಲಿಲ್ಲ.

ಶನಿವಾರ ಬೆಳಿಗ್ಗೆ ಉಪ್ಪನನ್ನು ಎಳೆದುಕೊಂಡೇ ಹೋದೆ. ಗೆಳೆಯರಿಬ್ಬರೂ ಪರಸ್ಪರ ಮುಖ ನೋಡದೆ ಮೋಟರಿನ ಮುಖ ನೋಡುತ್ತ ಮಾತಾಡಿದರು. ಚೆನ್ನಪ್ಪಣ್ಣ ಮೋಟರನ್ನು ಒಂದು ಮೇಜಿನ ಮೇಲೆ ಕೂರಿಸಿ, ಅದರ ಶಾಫ್ಟಿಗೆ ನಡು ತಪ್ಪಿಸಿ ಒಂದು ಚಕ್ರ ಹಾಕಿ, ಅದರಿಂದ ಒಂದು ಸರಳು ಹೊರಟು ಮೇಲಿನ ಪಟ್ಟಿಯನ್ನು ಆಚೆ ಈಚೆ ದೂಡುವ ಹಾಗೆ ಮಾಡಿದ್ದರು. ಬಿಗಿಯುವುದು ಯಾರು ಎಂಬುದರ ಮೇಲೆ ಸಣ್ಣ ಜಗಳವಾಯಿತು. "ನನ್ನ ಕೈಗೆ ಲೆಕ್ಕ ಉಂಟು" ಎಂದು ಒಬ್ಬರು, "ನನ್ನ ಬೋಲ್ಟನ್ನು ನೀನು ಕಡಿಮೆ ಬಿಗಿತೀ" ಎಂದು ಇನ್ನೊಬ್ಬರು. ನಾನು ಟಯರ್ ಅಂಗಡಿಯಿಂದ ಕೇಳಿ ತಂದಿದ್ದ ಟಾರ್ಕ್ ರೆಂಚನ್ನು ತೆಗೆದೆ. ಇಟ್ಟಷ್ಟು ಬಿಗಿಯಾದೊಡನೆ ಅದು ಟಕ್ ಎನ್ನುತ್ತದೆ. ಯಾರ ಕೈಯಲ್ಲಿದ್ದರೂ ಅಷ್ಟೇ. ನಾನೇ ನಾಲ್ಕನ್ನೂ ಬಿಗಿದೆ.

ನಟ್ಟು ತಿರುಗಿದರೆ ಗೊತ್ತಾಗಲು ಗುರುತು ಬೇಕಲ್ಲ? ನಮಾಜಿಗೆ ಅಡ್ಡಿಯೆಂದು ಹಚ್ಚಿಕೊಳ್ಳದೆ, ಬಣ್ಣ ಚಂದವೆಂದು ಮಾತ್ರ ಕೊಂಡಿಟ್ಟಿದ್ದ ನನ್ನ ನೈಲ್ ಪಾಲಿಶ್ ಆ ದಿನ ಕೆಲಸಕ್ಕೆ ಬಂತು. ನಟ್ಟಿನಿಂದ ಪಟ್ಟಿಗೆ ಒಂದೊಂದು ಗೆರೆ ಎಳೆದೆ. ಗೆರೆ ಮುರಿದರೆ ನಟ್ಟು ತಿರುಗಿತೆಂದು ಲೆಕ್ಕ.

ಸ್ವಿಚ್ ಹಾಕಿದೊಡನೆ ಬೋಲ್ಟುಗಳು ಅಲ್ಲೇ ಇದ್ದವು, ಮೇಜೇ ಹೊರಟಿತು. ಅದು ಗಡಗಡ ಎನ್ನುತ್ತ ಶೆಡ್ಡಿನಿಂದ ಹೊರಗೆ ನಡೆದು ಮೋಹಿನಿಯಕ್ಕನ ಕ್ರೋಟನ್ ಕುಂಡಕ್ಕೆ ಗುದ್ದಿ ನಿಂತಿತು. ಉಪ್ಪ ಹಿಂದಿನಿಂದ ಅದರ ಕಾಲು ಹಿಡಿದುಕೊಂಡು ಓಡುತ್ತಿದ್ದರು. ಮೋಹಿನಿಯಕ್ಕ ಅಡುಗೆಮನೆಯ ಕಿಟಕಿಯಿಂದಲೇ, "ಆ ಮೇಜನ್ನು ಕಟ್ಟಿ ಹಾಕಿ, ಇಲ್ಲದಿದ್ರೆ ನಾನು ಕಟ್ಟಿ ಹಾಕ್ತೇನೆ" ಎಂದರು. ಕಟ್ಟಿ ಹಾಕುವುದು ಮೇಜನ್ನೋ ಮನುಷ್ಯರನ್ನೋ ಎಂದು ಸ್ಪಷ್ಟವಾಗಲಿಲ್ಲ. ಕಾಲುಗಳ ಮೇಲೆ ಕೆಂಪುಕಲ್ಲು ಹೇರಿ ಎರಡನೆಯ ಸಲ ಶುರು ಮಾಡಿದೆವು.

ಈ ಸಲದ ತೊಂದರೆ ಮೇಜಿನದ್ದಲ್ಲ, ಗಂಡಸರದ್ದು. ಮೋಟರು ತಿರುಗತೊಡಗಿ ಸ್ವಲ್ಪ ಹೊತ್ತಾಗಿತ್ತಷ್ಟೆ, ನೋಡಿದರೆ ಚೆನ್ನಪ್ಪಣ್ಣ ಸ್ಪ್ಯಾನರ್ ಹಿಡಿದು ನಟ್ಟಿನ ಕಡೆಗೆ ಬಗ್ಗಿದ್ದಾರೆ.

"ಎಂತ ಮಾಡ್ತಿದ್ದೀರಿ?"

"ಸಡಿಲ ಆಗ್ತದಾ ಅಂತ ಸಂಶಯ ಬಂತು. ಸ್ವಲ್ಪ ಟೈಟ್ ಮಾಡುವ ಅಂತ."

"ಸಡಿಲ ಆಗ್ತದಾ ಅಂತ ನೋಡ್ಲಿಕ್ಕೇ ಅಲ್ವಾ ಇದು?"

ಈಚೆ ತಿರುಗಿದರೆ ಉಪ್ಪನ ಕೈಯಲ್ಲೂ ಒಂದು ಸ್ಪ್ಯಾನರ್. ಅವರು ಬಿಗಿಯಲು ಹೊರಟದ್ದು ನಮ್ಮ ಬೋಲ್ಟನ್ನೂ ಅಲ್ಲ, ಎದುರಾಳಿ ಕಂಪೆನಿಯ ಬೋಲ್ಟನ್ನು! ಕೇಳಿದರೆ, "ಪಾಪ, ಅದು ಅಲುಗಾಡ್ತಾ ಉಂಟು" ಎಂದರು. ಜನ್ಮವಿಡೀ ಸಡಿಲ ಕಂಡಲ್ಲಿ ಬಿಗಿ ಮಾಡಿದ ಕೈಗಳು, ಸುಮ್ಮನೆ ಇರಲು ಅವಕ್ಕೆ ಬರುವುದಿಲ್ಲ. ನಾನು ಶೆಡ್ಡಿನ ಸ್ಪ್ಯಾನರುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಅದರ ಮೇಲೆ ಕೂತೆ. ಊಟದ ಹೊತ್ತಿನವರೆಗೂ ಏಳಲಿಲ್ಲ.

ಮೋಟರು ನಿಲ್ಲಿಸಿ ನೋಡಿದರೆ ನಾಲ್ಕು ಗೆರೆಗಳೂ ಎಳೆದ ಹಾಗೆಯೇ ಇದ್ದವು. ನಮ್ಮದೂ ತಿರುಗಿರಲಿಲ್ಲ, ಕಂಪೆನಿಯದ್ದೂ ತಿರುಗಿರಲಿಲ್ಲ. ಉಪ್ಪ ಬಗ್ಗಿ ಒಂದೊಂದೇ ಗೆರೆಯನ್ನು ನೋಡಿದರು. ಮೂರು ವಾರದಲ್ಲಿ ಅವರ ಮುಖ ಅರಳಿದ್ದನ್ನು ಅದೇ ಮೊದಲು ಕಂಡೆ. ಚೆನ್ನಪ್ಪಣ್ಣನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಸೋತ ಅವಮಾನ ಎಂದುಕೊಂಡು ಒಳಗೊಳಗೇ ಖುಷಿಪಟ್ಟೆ.

"ಹಾಗಾದ್ರೆ ನಾಳೆ ತೀರ್ಥರಾಮಣ್ಣನನ್ನು ಕರೆಸು ಚೆನ್ನಪ್ಪ" ಎಂದರು ಉಪ್ಪ. "ಅವರ ಕಣ್ಣೆದುರೇ ಆಗ್ಲಿ. ನನ್ನ ಹೆಸರು ಹೋದದ್ದು ಅವರ ಅಂಗಳದಲ್ಲಿ."

"ಇವತ್ತೇ ಗೊತ್ತಾಯ್ತಲ್ಲ ಮಾರಾಯ, ನಾಳೆ ಎಂತಕ್ಕೆ?" ಎಂದರು ಚೆನ್ನಪ್ಪಣ್ಣ ಮೆಲ್ಲಗೆ.

"ನನಗೆ ಗೊತ್ತಾದ್ರೆ ಸಾಕಾಗುದಿಲ್ಲ."

ಭಾನುವಾರ ಉಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದರು, ಅತ್ತರು ಹಚ್ಚಿದರು. ನಾವು ಕೊಯಿಲಕ್ಕೆ ಮುಟ್ಟುವಾಗ ತೀರ್ಥರಾಮಣ್ಣ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಕಡಿಮೆ ಮಾತಿನ ಮನುಷ್ಯ. ಅಡಿಕೆ ಹೆಕ್ಕಿ ಹೆಕ್ಕಿ ಇನ್ನೂ ಸೊಂಟ ನೋವು ಹೋಗಿಲ್ಲ ಎಂದು ಮಾತ್ರ ಹೇಳಿದರು.

ಶೆಡ್ಡಿನೊಳಗೆ ನೋಡಿದರೆ ಕಣ್ಣು ಕೋರೈಸಿತು. ಪಟ್ಟಿಗಳ ಮೇಲೆ ನಿನ್ನೆಯ ತುಕ್ಕು ಕಾಣಿಸಲಿಲ್ಲ. ಅವೇ ಪಟ್ಟಿಗಳು ನೇರಳೆ ಬಣ್ಣದಲ್ಲಿ ಫಳಫಳ ಹೊಳೆಯುತ್ತಿದ್ದವು.

"ನಿನ್ನೆ ಸಂಜೆ ಕೂತು ಬಳಿದೆ" ಎಂದರು ಮೋಹಿನಿಯಕ್ಕ. "ಹೊರಗಿನವರು ಬರುವಾಗ ತುಕ್ಕು ತೋರಿಸುದಾ? ಪುಟ್ಟಿ ಹಾಕಿ ಎರಡು ಕೈ ಬಳಿದಿದ್ದೇನೆ. ಹೇಗುಂಟು?"

"ಚಂದ ಉಂಟು" ಎಂದೆವು ಎಲ್ಲರೂ ಒಟ್ಟಿಗೆ. ಚೆನ್ನಪ್ಪಣ್ಣನ ಧ್ವನಿ ಮಾತ್ರ ಸ್ವಲ್ಪ ತಡವಾಗಿ ಬಂತು.

ಹೊಸ ಬೋಲ್ಟುಗಳನ್ನು ಅದೇ ಡಬ್ಬಿಗಳಿಂದ ತೆಗೆದೆ, ಅದೇ ರೆಂಚಿನಿಂದ ಟಕ್ ಎನ್ನುವವರೆಗೆ ಬಿಗಿದೆ, ಗೆರೆ ಎಳೆದೆ, ಸ್ಪ್ಯಾನರಿನ ಪೆಟ್ಟಿಗೆಯ ಮೇಲೆ ಕೂತೆ. ಉಪ್ಪ ಮದುಮಗನ ಕಡೆಯ ಹಿರಿಯರಂತೆ ಕೈ ಕಟ್ಟಿ ನಿಂತರು.

ನಿನ್ನೆ ಊಟದ ಹೊತ್ತಿನವರೆಗೆ ನಿಂತ ಬೋಲ್ಟುಗಳು ಇವತ್ತು ಚಾ ಬರುವ ಮೊದಲೇ ಸೋತವು. ಮೊದಲು ನಮ್ಮದರ ಗೆರೆ ಮುರಿಯಿತು. ಹಿಂದೆಯೇ ಕಂಪೆನಿಯದ್ದರ ಗೆರೆ ಮುರಿಯಿತು. ನಟ್ಟುಗಳು ನಾವು ನೋಡುತ್ತಿದ್ದಂತೆಯೇ ನಿಧಾನಕ್ಕೆ ತಿರುಗಿದವು. ಕೊನೆಗೆ ಒಂದು ನಟ್ಟು ಪೂರಾ ಬಿಚ್ಚಿ ತೀರ್ಥರಾಮಣ್ಣನ ಚಪ್ಪಲಿಯ ಹತ್ತಿರ ಉರುಳಿತು. ಚೆನ್ನಪ್ಪಣ್ಣ ಸ್ವಿಚ್ ತೆಗೆದರು.

"ನನ್ನಲ್ಲಿ ಆದದ್ದು ಹೀಗೆಯೇ" ಎಂದರು ತೀರ್ಥರಾಮಣ್ಣ. "ಈಗ ಯಾರದ್ದು ತಪ್ಪು?"

ನಾನು ಪಟ್ಟಿಯ ಹತ್ತಿರ ಹೋದೆ. ಮೋಟರು ಅದೇ, ಬೋಲ್ಟು ಅದೇ, ಬಿಗಿದ ಕೈಯೂ ಅದೇ. ನಿನ್ನೆಗೂ ಇವತ್ತಿಗೂ ಬದಲಾದದ್ದು ಒಂದೇ. ನಟ್ಟಿನ ಕೆಳಗಿನ ವಾಷರಿನ ಅಡಿಯಿಂದ, ಇಡ್ಲಿಯ ಅಡಿಯಿಂದ ಚಟ್ನಿ ಹೊರಬಂದ ಹಾಗೆ, ನೇರಳೆ ಬಣ್ಣ ಸುತ್ತಲೂ ಹಿಂಡಿ ಬಂದಿತ್ತು. ಬಿಗಿದದ್ದು ಕಬ್ಬಿಣವನ್ನಲ್ಲ, ಮೆತ್ತಗಿನ ಪುಟ್ಟಿಯನ್ನು. ಅಲುಗಾಟಕ್ಕೆ ಅದು ಕರಗಿದಂತೆ ಜಾರಿಹೋಯಿತು, ಬಿಗಿ ಹೋಯಿತು, ಪಟ್ಟಿಗಳು ಜಾರಿದವು, ನಟ್ಟು ತಿರುಗಿತು. ತೀರ್ಥರಾಮಣ್ಣನ ಮೆಷಿನಿನಲ್ಲಿ ಮೋಟರಿನ ಅಡಿಯಲ್ಲೂ ಇದ್ದದ್ದು ಮೋಹಿನಿಯಕ್ಕನ ಕೈಯ ಪುಟ್ಟಿಯೇ, ಬಣ್ಣವೇ.

ತಲೆ ಎತ್ತಿದರೆ ಬಾಗಿಲಲ್ಲಿ ಮೋಹಿನಿಯಕ್ಕ, ಕೈಯಲ್ಲಿ ಚಾದ ತಟ್ಟೆ. ಉಪ್ಪ ನನ್ನ ಪಕ್ಕ ಬಗ್ಗಿ ವಾಷರಿನ ಸುತ್ತ ಹೆಬ್ಬೆರಳು ಆಡಿಸುತ್ತಿದ್ದರು. ಅವರಿಗೂ ಗೊತ್ತಾಗಿತ್ತು. ಅವರು ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡು ಎದ್ದು ನಿಂತರು.

"ಬೋಲ್ಟಿಂದೇ ತಪ್ಪು" ಎಂದರು. "ಆ ಲಾಟೇ ಸರಿ ಇಲ್ಲ ತೀರ್ಥರಾಮಣ್ಣ. ಬೇರೆ ಹಾಕಿ ಕೊಡ್ತೇನೆ."

ನಾನು ಬಾಯಿ ತೆರೆದೆ. ಉಪ್ಪನ ಕಾಲು ನನ್ನ ಕಾಲಿನ ಮೇಲೆ ಬಂದು ಕೂತಿತು. ಮೂರು ವಾರ ಅನ್ನ ಬಿಟ್ಟು ಕಾಯ್ದ ಹೆಸರನ್ನು ಈ ಮನುಷ್ಯ ಚಾ ತಣಿಯುವುದರೊಳಗೆ ಕೊಟ್ಟುಬಿಟ್ಟರು! ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಆದರೂ ಮೋಹಿನಿಯಕ್ಕನ ಮುಖ ನೋಡಿ ನಾನೂ ಬಾಯಿ ಮುಚ್ಚಿದೆ.

ತಡೆಯಲಾಗದೆ ಹೋದವರು ಚೆನ್ನಪ್ಪಣ್ಣ. ಮೂರು ವಾರ ಅವರು ಕಾದಿದ್ದು ಇದೇ ಮಾತಿಗೆ. ಅದು ಬಂದಾಗ ಬೆಂಕಿ ಮುಟ್ಟಿದವರಂತೆ ಹಾರಿದರು.

"ಸುಳ್ಳು ಹೇಳ್ಬೇಡ ಪೋಕರ್! ನಿನ್ನ ಬೋಲ್ಟಿಗೆ ಎಂತದೂ ಆಗ್ಲಿಲ್ಲ. ಇದು..." ಎಂದು ಹೆಂಡತಿಯನ್ನು ನೋಡಿ ನಿಂತರು. "ಇದು ಬಣ್ಣ. ವಾಷರಿನ ಅಡಿಗೆ ಬಣ್ಣ ಇರ್ಬಾರ್ದು."

ಮೋಹಿನಿಯಕ್ಕ ತಟ್ಟೆಯನ್ನು ಕೆಳಗಿಟ್ಟು ಬಂದರು. ಹಿಂಡಿ ಬಂದ ಬಣ್ಣವನ್ನು ಉಗುರಿನಿಂದ ಕೆದಕಿದರು. ಅದು ಮೇಣದಂತೆ ಎದ್ದು ಬಂತು.

"ಕಲ್ಲುಗುಂಡಿಯದ್ದೂ ಇದೇನಾ?"

"ಹೌದು."

"ನಿಮಗೆ ಯಾವಾಗ ಗೊತ್ತಾಯ್ತು?"

ಚೆನ್ನಪ್ಪಣ್ಣ ಬಗ್ಗಿ ಉರುಳಿದ ನಟ್ಟನ್ನು ಹೆಕ್ಕಿದರು. ಮೋಹಿನಿಯಕ್ಕ ಕಾದರು.

"ಅಲ್ಲಿಗೆ ಹೋದ ದಿನವೇ" ಎಂದರು ಕೊನೆಗೆ. "ಸಂಶಯ ಬಂತು. ಬೋಲ್ಟೇ ಹಾಳಾಗಿದ್ರೆ ಒಳ್ಳೆದಿತ್ತು ಅಂತ ಆಸೆ."

ಮೋಟರಿನ ಚಕ್ರ ತಟ್ಟದೆಯೇ ಇಬ್ಬರು ಗಂಡಸರೂ ಅಲುಗಾಡುತ್ತಿದ್ದರು. ಬೈಗುಳ ಬರುತ್ತದೆ ಎಂದು ನಾನೂ ಹೆದರಿದೆ. ಮೋಹಿನಿಯಕ್ಕ ಬೈಯಲಿಲ್ಲ.

"ಪೋಕರಣ್ಣ, ನೀವು ಯಾಕೆ ಸುಳ್ಳು ಹೇಳಿದ್ದು?"

"ನಿಮಗೆ ಬೇಜಾರಾಗುದು ಬೇಡ ಅಂತ."

"ಇವರೂ ಅದಕ್ಕೇ ಹೇಳಿದ್ದು. ನನ್ನನ್ನು ಎಂತ ಅಂತ ತಿಳ್ಕೊಂಡಿದ್ದೀರಿ ನೀವೆಲ್ಲ? ಮೋಹಿನಿ, ಇಷ್ಟು ಜಾಗ ಬಿಟ್ಟು ಬಳಿ ಅಂತ ಒಂದು ಮಾತು ಹೇಳಿದ್ರೆ ನಾನು ಬಿಟ್ಟು ಬಳೀತಿದ್ದೆ. ಒಂದು ಮಾತು! ಅದರ ಬದಲು ಒಬ್ಬ ಮನುಷ್ಯನ ಹೆಸರು ಹಾಳು ಮಾಡಿದ್ರಿ." ಆಮೇಲೆ ನನ್ನ ಕಡೆ ತಿರುಗಿದರು. "ನೀನೂ ನೋಡಿದ್ದಿ ಅಲ್ವಾ? ಊರಿಗೆಲ್ಲ ಬಾಯಿ ಉಂಟು ನಿನಗೆ. ನನ್ನ ಹತ್ರ ಹೇಳ್ಲಿಕ್ಕೆ ಮಾತ್ರ ಇಲ್ಲ."

ಉಪ್ಪನ ಕಾಲು ಎಂದು ಹೇಳಬಹುದಿತ್ತು. ಆದರೆ ಉಪ್ಪನ ಕಾಲು ನನ್ನನ್ನು ಯಾವತ್ತೂ ತಡೆದದ್ದಿಲ್ಲ. ನಾಚಿಕೆಯಾಯಿತು, ತುಂಬ.

ತೀರ್ಥರಾಮಣ್ಣ ತಾವೇ ಎದ್ದು ಚಾ ತೆಗೆದುಕೊಂಡರು.

"ಫೋನ್ ತೆಗೀರಿ" ಎಂದರು ಮೋಹಿನಿಯಕ್ಕ ಗಂಡನಿಗೆ. ಚೆನ್ನಪ್ಪಣ್ಣ ತೆಗೆದು ಬಾಯಿಯ ಹತ್ತಿರ ಹಿಡಿದರು. "ಕಲ್ಲುಗುಂಡಿಯ ಮೆಷಿನಿನಲ್ಲಿ ಬೋಲ್ಟಿನ ತಪ್ಪು ಇಲ್ಲ. ಕಡಬದ ಪೋಕರ್ ಅಂಗಡಿಯ ಬೋಲ್ಟು, ಹೆಸರು ಹೇಳಿಯೇ ಹೇಳ್ತೇನೆ, ಒಳ್ಳೆ ಬೋಲ್ಟು. ತಪ್ಪು ಕೂಡಿಸಿದವನದ್ದು, ಅಂದ್ರೆ ನಂದು."

"ಬಣ್ಣದ್ದೂ ಹೇಳಿ."

"ಅದು ಬೇಡ ಮಾರಾಯ್ತಿ."

"ಹೇಳಿ."

"ವಾಷರಿನ ಅಡಿಯಲ್ಲಿ ಬಣ್ಣ ಇತ್ತು" ಎಂದು ಹೇಳಿ, ಉಸಿರು ಬಿಟ್ಟು, ಕಳಿಸಿದರು. ಹೆಂಡತಿಯ "ಹೇಳಿ" ಎಂಬುದೂ ಅದರೊಳಗೆ ಹೋಗಿ, ಮಧ್ಯಾಹ್ನದೊಳಗೆ ಮೂರು ತಾಲೂಕಿಗೂ ಮುಟ್ಟಿತ್ತು. ಉಪ್ಪ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಳ್ಳುತ್ತಿದ್ದರು. ಕರ್ಚೀಫಿನ ನೇರಳೆ ಬಣ್ಣ ಹಣೆಗೆಲ್ಲ ಹತ್ತಿತು. ಯಾರೂ ಹೇಳಲಿಲ್ಲ, ಸ್ವಲ್ಪ ಹೊತ್ತು ನೋಡಲು ಚಂದವಿತ್ತು.

ಆಮೇಲೆ ಮೋಹಿನಿಯಕ್ಕ ಉಜ್ಜುಕಾಗದ ಹಂಚಿದರು. ತೂತುಗಳ ಸುತ್ತ ವಾಷರು ಕೂರುವಷ್ಟು ಜಾಗದಲ್ಲಿ, ಪಟ್ಟಿಗಳು ಒಂದಕ್ಕೊಂದು ಕೂಡುವಲ್ಲಿ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿಸಿದರು. ಉಳಿದ ನೇರಳೆ ಹಾಗೆಯೇ ಇತ್ತು. ಪುನಃ ಬಿಗಿದು ಮೋಟರು ಬಿಟ್ಟೆವು. ಊಟವಾಯಿತು, ಪಾಯಸವಾಯಿತು, ತೀರ್ಥರಾಮಣ್ಣ ಕುರ್ಚಿಯಲ್ಲೇ ಒಂದು ನಿದ್ದೆ ತೆಗೆದೆದ್ದರು. ಗೆರೆಗಳು ಅಲುಗಲಿಲ್ಲ.

ಮೋಟರು ನಿಂತ ಮೇಲೆ ಉಪ್ಪ ಗಂಟಲು ಸರಿಮಾಡಿಕೊಂಡರು.

"ಮೋಹಿನಿಯಕ್ಕ, ಇದ್ದದ್ದು ಇದ್ದ ಹಾಗೆ ಹೇಳ್ಬೇಕು ಅಂತ ನೀವೇ ಹೇಳಿದ್ರಿ. ಈ ನೇರಳೆ ಉಂಟಲ್ಲ, ನೋಡ್ಲಿಕ್ಕೆ ಆಗುದಿಲ್ಲ."

"ಹೌದು ಹೌದು" ಎಂದರು ಚೆನ್ನಪ್ಪಣ್ಣ ಉಪ್ಪನ ಪಕ್ಕಕ್ಕೆ ಸರಿದು. "ನನಗೂ ಹಾಗೆಯೇ ಕಂಡಿತ್ತು. ಪೋಕರ್ ಹೇಳಿದ್ದು ಸರಿ."

"ಅದನ್ನು ಯಾರು ಕೇಳಿದ್ರು?" ಎಂದರು ಮೋಹಿನಿಯಕ್ಕ. "ಸಂಜೆಯ ಚಾ ಇಲ್ಲ ಇಬ್ಬರಿಗೂ."

ಇಬ್ಬರೂ ಚಾ ಇಲ್ಲದೆ, ಹೆಗಲಿಗೆ ಹೆಗಲು ತಾಗಿಸಿ, ಕತ್ತಲಾಗುವವರೆಗೆ ಅಂಗಳದಲ್ಲಿ ಕೂತು ನೇರಳೆ ಬಣ್ಣವನ್ನು ಬೈದರು.